ಎಂಟಿಂಚಿನ ಹಳೇ ಜೋಡಿ, ಆರೂವರೆ ಇಂಚಿನ ಹೊಸ ಜೋಡಿ: ರಿಪೇರಿಯಿಂದ ಹೋಲಿಕೆಯವರೆಗೆ

ಸ್ಪೀಕರ್ ಸಿಕ್ಕಿದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಗುಜರಿ ಅಂಗಡಿಯಲ್ಲಿ, ಕೆಲಸ ನಡೆದದ್ದು ಕೋಲಾರದಲ್ಲಿ. ಜೋಡಿಗೆ ಕೊಟ್ಟದ್ದು 6,500 ರೂಪಾಯಿ. ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿನ ಹಳೇ ಮನೆಗಳಿಂದ ವಾಲ್ವ್ ರೇಡಿಯೊ, ಟರ್ನ್‌ಟೇಬಲ್, ಸ್ಪೀಕರ್ ಪೆಟ್ಟಿಗೆ ಆಗೊಮ್ಮೆ ಈಗೊಮ್ಮೆ ಇನ್ನೂ ಗುಜರಿಗೆ ಬೀಳುತ್ತಲೇ ಇವೆ. ಈ ಜೋಡಿಯ ಹಿಂಬದಿಯ ಕಾಗದದಲ್ಲಿ ಉಳಿದಿದ್ದದ್ದು ‘8 ಓಮ್’, ‘ಮೇಡ್ ಇನ್ ಇಂಗ್ಲೆಂಡ್’ ಅಷ್ಟೇ. ಕಂಪನಿಯ ಹೆಸರು ಹರಿದು ಹೋಗಿತ್ತು. ಹಾಗಾಗಿ ಪ್ರತಿಯೊಂದನ್ನೂ ಅಳೆದೇ ತಿಳಿಯಬೇಕಾಯಿತು.

ಹಳೇ ಸ್ಪೀಕರ್ ಮುಂದೆ ಹೊಸದು ನಿಲ್ಲುವುದಿಲ್ಲ ಎನ್ನುವವರಿದ್ದಾರೆ, ಹಳೆಯದರಲ್ಲಿ ಬಾಸೇ ಇಲ್ಲ ಎನ್ನುವವರೂ ಇದ್ದಾರೆ. ಎರಡು ಮಾತೂ ಬಹುತೇಕ ಹುಟ್ಟುವುದು ಗಾಳಿ ಸೋರುವ, ಕೆಪಾಸಿಟರ್ ಒಣಗಿದ, ಸದ್ದು ಸಮ ಮಾಡದ ಪೆಟ್ಟಿಗೆ ಕೇಳಿದ್ದರಿಂದ. ಹಳೆಯದನ್ನು ಮೊದಲು ಅದರ ಮೂಲ ಸ್ಥಿತಿಗೆ ತಂದು, ಆಮೇಲೆ ಹೊಸದರ ಪಕ್ಕ ಇಡಬೇಕು. ಆರು ವಾರದ ಕೆಲಸ, ಎಡವಟ್ಟುಗಳ ಸಮೇತ ಇಲ್ಲಿದೆ.

ಜನವರಿ 11: ಬಿಚ್ಚಿ ನೋಡಿದ್ದು

18 ಮಿ.ಮೀ. ಚಿಪ್‌ಬೋರ್ಡ್, ಮೇಲೆ ತೇಗದ ವಿನೀರ್. ಒಳ ಅಳತೆ 43 × 24 × 20 ಸೆಂ.ಮೀ., ಅಂದರೆ 20.6 ಲೀಟರ್. ಪೋರ್ಟ್ (ಗಾಳಿ ಹೋಗಿಬರುವ ಕೊಳವೆ) ಇಲ್ಲ, ಪೂರ್ತಿ ಮುಚ್ಚಿದ ಪೆಟ್ಟಿಗೆ. ಬಾಸ್‌ಗೆ ಎಂಟಿಂಚಿನ ಕಾಗದದ ಕೋನ್ ಇರುವ ವೂಫರ್, ಮೇಲಿನ ಸದ್ದಿಗೆ ಒಂದಿಂಚಿನ ಬಟ್ಟೆ ಡೋಮ್ ಟ್ವೀಟರ್. ವೂಫರ್ ಅಂಚಿನ ಫೋಮ್ ಮೇಲೆ ಬೆರಳಿಟ್ಟರೆ ಅದು ಹರಿಯಲಿಲ್ಲ, ಹಳೇ ಬೆಲ್ಲದ ಪುಡಿಯ ಹಾಗೆ ಒದ್ದೆಯೊದ್ದೆಯಾಗಿ ಕಪ್ಪಗೆ ಬೆರಳಿಗೇ ಅಂಟಿಕೊಂಡಿತು.

ಈ ಪಾಲಿಯುರೆಥೇನ್ ಫೋಮ್ ಹಾಳಾಗುವುದು ಬಳಸಿದ್ದಕ್ಕಲ್ಲ. ಗಾಳಿಯ ತೇವ, ಬಿಸಿಲು, ಸೆಕೆ ಸೇರಿ ಅದನ್ನು ಒಡೆಯುತ್ತವೆ. ಪ್ಯಾಕ್ ಮಾಡಿ ಬೀರುವಿನಲ್ಲಿಟ್ಟಿದ್ದರೂ ಉದುರುತ್ತದೆ. ಬಟ್ಟೆ ಅಂಚಿನ, ರಬ್ಬರ್ ಅಂಚಿನ ವೂಫರ್‌ಗಳಿಗೆ ಈ ರೋಗವಿಲ್ಲ. ಹಳೇ ಜೋಡಿ ಕೊಳ್ಳುವಾಗ ಮೊದಲು ಜಾಲರಿ ತೆಗೆಸಿ ಅಂಚು ನೋಡಿ, ಆಮೇಲೆ ಚೌಕಾಶಿ.

ಮಲ್ಟಿಮೀಟರ್‌ನಲ್ಲಿ ವೂಫರ್ 5.8 ಮತ್ತು 5.9 ಓಮ್, ಎಡ ಟ್ವೀಟರ್ 5.6 ಓಮ್. ಬಲ ಟ್ವೀಟರ್ ಓಪನ್, ಅಂದರೆ ಒಳಗೆಲ್ಲೋ ತಂತಿ ಕಡಿದಿದೆ. ಭೂತಗನ್ನಡಿಯಲ್ಲಿ ನೋಡಿದಾಗ ಕಾಯಿಲ್ ಸುಟ್ಟಿರಲಿಲ್ಲ, ಟರ್ಮಿನಲ್ ಹತ್ತಿರ ಕೂದಲೆಳೆಯಂಥ ತಂತಿ ತುಂಡಾಗಿತ್ತು. ಕೆಟ್ಟ ಇಯರ್‌ಫೋನ್ ವೈರಿನ ಒಂದು ಎಳೆಯಿಂದ ಬೆಸೆದ ಮೇಲೆ 5.7 ಓಮ್ ಬಂತು. ಆ ಎಳೆಗೆ ವಾರ್ನಿಷ್ ಇರುತ್ತದೆ. ಕಾಯ್ದ ಐರನ್ ತುದಿಯಲ್ಲಿ ಒಂದು ಹನಿ ಸೀಸ ಹಿಡಿದು ಎಳೆಯನ್ನು ಅದರೊಳಗೆ ಅದ್ದಿದರೆ ವಾರ್ನಿಷ್ ಸುಟ್ಟು ಸೀಸ ಹಿಡಿಯುತ್ತದೆ.

ತುಕ್ಕು ಹಿಡಿದ ಸ್ಕ್ರೂಗಳ ತಲೆಗೆ ಒಂದು ನಿಮಿಷ ಸೋಲ್ಡರಿಂಗ್ ಐರನ್ ಒತ್ತಿದರೆ ಸಡಿಲವಾಗುತ್ತವೆ. ಹದಿನಾರರಲ್ಲಿ ಹದಿನೈದು ಹೀಗೆ ಬಂದವು. ಕಾಯಿಸದೆ ಬಲ ಹಾಕಿದ ಒಂದು ಮುರಿಯಿತು.

ತಪ್ಪು: ತಂತಿ ಬಿಡಿಸುವ ಮೊದಲು ಫೋಟೊ ತೆಗೆಯಲಿಲ್ಲ. ವೂಫರ್, ಟ್ವೀಟರ್ ಎಂದು ಎರಡೇ ಎರಡು ಡ್ರೈವರ್, ನೆನಪಿರುತ್ತದೆ ಎಂದುಕೊಂಡದ್ದು. ಇದರ ಬೆಲೆ ಫೆಬ್ರುವರಿ 15ರಂದು ತೆರಬೇಕಾಯಿತು.

ಜನವರಿ 12: ಹಳೇ ಫೋಮ್ ಕೆರೆದದ್ದು

ಐಸೊಪ್ರೊಪೈಲ್ ಆಲ್ಕೋಹಾಲ್ ಅರ್ಧ ಲೀಟರ್, ಕಿವಿಗೆ ಹಾಕುವ ಹತ್ತಿಕಡ್ಡಿ, ಹಳೇ ಎಟಿಎಂ ಕಾರ್ಡ್. ಒದ್ದೆ ಹತ್ತಿಯನ್ನು ಅಂಚಿಗೆ ಎರಡು ನಿಮಿಷ ಇಟ್ಟು, ಕಾರ್ಡಿನ ಅಂಚಿನಿಂದ ಒಳಗಿನಿಂದ ಹೊರಕ್ಕೆ ತಳ್ಳುವುದು. ಒಂದು ವೂಫರ್‌ಗೆ ಎರಡು ಗಂಟೆ ಹಿಡಿಯಿತು. ಅಸಿಟೋನ್ ಬೇಡ, ಕೋನ್ ನಡುವಿನ ಮುಚ್ಚಳದ (ಡಸ್ಟ್ ಕ್ಯಾಪ್) ಅಂಟಿಗೆ ತಗುಲಿದರೆ ಅದೂ ಬಿಡುತ್ತದೆ.

ಎರಡನೇ ವೂಫರ್‌ನಲ್ಲಿ ಬೇಗ ಮುಗಿಸಲು ಬ್ಲೇಡ್ ಹಿಡಿದದ್ದರಿಂದ ಕೋನ್ ಅಂಚಿನಲ್ಲಿ 12 ಮಿ.ಮೀ. ಸೀಳು ಬಿತ್ತು. ಟೀ ಬ್ಯಾಗಿನ ಕಾಗದದ ಎರಡು ತುಂಡು, ನೀರು ಬೆರೆಸಿದ ಬಿಳಿ ಅಂಟು, ಹಿಂದೊಂದು ಮುಂದೊಂದು. ಒಣಗಿದ ಮೇಲೆ ಬೆರಳಿಗೆ ಸಿಗದಷ್ಟು ತೆಳು. ಆಮೇಲಿನ ಅಳತೆಯಲ್ಲಿ ಎರಡೂ ವೂಫರ್ ಒಂದೇ ಆಗಿ ಬಂದವು, ಈ ತೇಪೆಯಿಂದ ತೊಂದರೆಯಾಗಿಲ್ಲ.

ಜನವರಿ 18ರಿಂದ 25: ‘ಎಂಟಿಂಚು’ ಎಂದು ತರಿಸಿದ ಫೋಮ್

ಎಂಟಿಂಚು ಎನ್ನುವುದು ಹೊರ ಚೌಕಟ್ಟಿನ ಹೆಸರು ಮಾತ್ರ, ಅದನ್ನು ಅಳತೆ ಎಂದು ನಂಬಬಾರದು. ಮೊದಲ ಕಿಟ್ 650 ರೂಪಾಯಿ. ಕೋನ್‌ನ ವ್ಯಾಸ 160 ಮಿ.ಮೀ., ಕಿಟ್‌ನ ಫೋಮ್ ಸುರುಳಿ (ಅಂಚಿನ ಅರೆವೃತ್ತದ ಉಬ್ಬು) ಏಳುವುದು 154 ಮಿ.ಮೀ.ನಲ್ಲೇ. ಹಾಗೆ ಅಂಟಿಸಿದರೆ ಕೋನ್ ಅಂಚು ಸುರುಳಿಯ ಕೆಳಗೆ ಸಿಕ್ಕಿಕೊಂಡು ಚಲನೆ ಬಿಗಿಯಾಗುತ್ತದೆ. ವಾಪಸ್ ಇಲ್ಲ, ದುಡ್ಡು ಹೋಯಿತು.

ತರಿಸುವ ಮುನ್ನ ಅಳೆಯಬೇಕಾದದ್ದು ನಾಲ್ಕು: ಚೌಕಟ್ಟಿನಲ್ಲಿ ಅಂಟು ಕೂರುವ ಹೊರ ವ್ಯಾಸ, ಸುರುಳಿಯ ಹೊರ ಅಂಚು, ಸುರುಳಿಯ ಒಳ ಅಂಚು, ಕೋನ್‌ನ ವ್ಯಾಸ. ಸುರುಳಿಯ ಒಳ ಅಂಚು ಕೋನ್ ವ್ಯಾಸಕ್ಕಿಂತ 1ರಿಂದ 2 ಮಿ.ಮೀ. ದೊಡ್ಡದಿದ್ದರೆ ಸರಿ. ಈ ನಾಲ್ಕು ಸಂಖ್ಯೆ ಕೊಟ್ಟು ತರಿಸಿದ ಎರಡನೇ ಕಿಟ್ 900 ರೂಪಾಯಿ, ಸರಿಯಾಗಿ ಕೂತಿತು.

ರಬ್ಬರ್ ಅಂಚು ಹಾಕಿದರೆ ಶಾಶ್ವತ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ರಬ್ಬರ್ ತೂಕ ಹೆಚ್ಚು, ಬಿಗಿಯೂ ಬೇರೆ. ವೂಫರ್‌ನ ಅನುರಣನ (ಅದು ತಾನಾಗಿ ಕಂಪಿಸುವ ಆವರ್ತನ) ಬದಲಾಗುತ್ತದೆ, ಸದ್ದೂ ಇಳಿಯುತ್ತದೆ. ಮೂಲ ಸ್ಪೀಕರ್ ಹೇಗಿತ್ತೆಂದು ಕೇಳಬೇಕೆಂದರೆ ಫೋಮ್‌ಗೆ ಫೋಮೇ ಹಾಕಬೇಕು.

ಜನವರಿ 26: ಕೆಟ್ಟ ಅಂಟಿಕೆ, ಫೆಬ್ರುವರಿ 1–2: ಸರಿಯಾದದ್ದು

ಮೊದಲ ಪ್ರಯತ್ನ ರಬ್ಬರ್ ಆಧಾರಿತ ಕಾಂಟ್ಯಾಕ್ಟ್ ಅಂಟಿನಲ್ಲಿ. ಎರಡೂ ಬದಿಗೆ ಬಳಿದು ಹತ್ತು ನಿಮಿಷ ಬಿಟ್ಟು ಕೂರಿಸಿದ್ದು. ಆ ಅಂಟು ಮುಟ್ಟಿದೊಡನೆ ಹಿಡಿಯುತ್ತದೆ, ಒಂದು ಕೂದಲೆಳೆಯಷ್ಟೂ ಜರುಗಿಸಲು ಬಿಡುವುದಿಲ್ಲ. ಮರುದಿನ 30 ಹರ್ಟ್ಜ್ ಸೈನ್ ಅಲೆಯನ್ನು 2 ವೋಲ್ಟ್‌ನಲ್ಲಿ ಕೊಟ್ಟಾಗ ಒಳಗಿನಿಂದ ಒಣ ಎಲೆ ಕೆರೆದಂಥ ಸದ್ದು. ಕಾಯಿಲ್ ಆಯಸ್ಕಾಂತದ ಗ್ಯಾಪ್‌ಗೆ ಉಜ್ಜುತ್ತಿತ್ತು. ಮತ್ತೆ ಪೂರ್ತಿ ಬಿಚ್ಚಿದ್ದು. ಫೋಮ್ ಉಳಿದದ್ದು ಅದೃಷ್ಟ, ಅಂಟು ಇನ್ನೂ ಹಸಿಯಾಗಿದ್ದರಿಂದ ಆಲ್ಕೋಹಾಲ್‌ಗೆ ಬಿಟ್ಟಿತು.

ಎರಡನೇ ಸಲ ಹೀಗೆ. ಡಸ್ಟ್ ಕ್ಯಾಪನ್ನು ಸುತ್ತಲೂ ಕೊಯ್ದು ತೆಗೆದು, ಓಎಚ್‌ಪಿ ಹಾಳೆಯ 8 ಮಿ.ಮೀ. ಅಗಲದ ಪಟ್ಟಿಗಳನ್ನು ಕಾಯಿಲ್ ಮತ್ತು ನಡುಗಂಬದ ಸಂದಿಗೆ ನಾಲ್ಕು ದಿಕ್ಕಿನಲ್ಲಿ ಇಳಿಸಿದ್ದು. ಹಾಳೆಯ ದಪ್ಪ 0.1 ಮಿ.ಮೀ. ಒಂದು ಪದರ ಸಡಿಲ, ಎರಡು ಪದರ ಬಿಗಿಯಾಗಿ ಕೂತು ಕಾಯಿಲ್ ನಟ್ಟನಡುವೆ ನಿಂತಿತು. ಆಮೇಲೆ ಬಿಳಿ ಪಿವಿಎ ಅಂಟಿನಲ್ಲಿ ಮೊದಲು ಫೋಮ್ ಅನ್ನು ಕೋನ್‌ಗೆ, ಹನ್ನೆರಡು ಗಂಟೆ ಬಿಟ್ಟು ಚೌಕಟ್ಟಿಗೆ. ಈ ಅಂಟು ಹತ್ತು ಹದಿನೈದು ನಿಮಿಷ ಜರುಗಿಸಲು ಬಿಡುತ್ತದೆ, ಬೇಕಾದದ್ದೂ ಅದೇ. ಕೋಲಾರದ ಚಳಿಗಾಲದ ರಾತ್ರಿಯಲ್ಲಿ ಒಣಗಲು ನಿಧಾನ, ಚೌಕಟ್ಟಿನ ಅಂಟಿಗೆ ಪೂರ್ತಿ 24 ಗಂಟೆ ಕೊಡಬೇಕಾಯಿತು. ಪಟ್ಟಿ ಎಳೆದ ಮೇಲೆ ಅದೇ 30 ಹರ್ಟ್ಜ್, ಉಜ್ಜುವ ಸದ್ದಿಲ್ಲ. ಹೊಸ ಡಸ್ಟ್ ಕ್ಯಾಪ್ ಎರಡಕ್ಕೆ 180 ರೂಪಾಯಿ.

ಧನ ಋಣ ನೋಡಲು ವೂಫರ್‌ಗೆ ಒಂದೂವರೆ ವೋಲ್ಟ್ ಸೆಲ್ ಮುಟ್ಟಿಸಿದಾಗ ಕೋನ್ ಮುಂದೆ ಬಂದರೆ, ಸೆಲ್‌ನ ಧನ ತಾಗಿದ ಟರ್ಮಿನಲ್ಲೇ ಧನ. ಹಳೇ ಜೆಬಿಎಲ್ ಡ್ರೈವರ್‌ಗಳು ಇದಕ್ಕೆ ಉಲ್ಟಾ, ಕೆಂಪು ಟರ್ಮಿನಲ್‌ಗೆ ಧನ ಕೊಟ್ಟರೆ ಕೋನ್ ಹಿಂದೆ ಹೋಗುತ್ತದೆ. ಬೇರೆ ಬೇರೆ ಕಾಲದ ಡ್ರೈವರ್ ಬೆರೆಸುವವರು ಇದನ್ನು ಮರೆಯಬಾರದು.

ಫೆಬ್ರುವರಿ 8: ಕ್ರಾಸೋವರ್

ಬಾಸನ್ನು ವೂಫರ್‌ಗೂ ಮೇಲಿನದ್ದನ್ನು ಟ್ವೀಟರ್‌ಗೂ ಹಂಚುವ ಸರ್ಕ್ಯೂಟ್ ಇದು. ಟ್ವೀಟರ್ ದಾರಿಯಲ್ಲಿ 6 ಮೈಕ್ರೋಫ್ಯಾರಡ್ ಕೆಪಾಸಿಟರ್ ಮತ್ತು 0.45 ಮಿಲಿಹೆನ್ರಿ ಕಾಯಿಲ್, ವೂಫರ್ ದಾರಿಯಲ್ಲಿ 1.2 ಮಿಲಿಹೆನ್ರಿ ಕಾಯಿಲ್ ಮತ್ತು 8 ಮೈಕ್ರೋಫ್ಯಾರಡ್ ಕೆಪಾಸಿಟರ್. ಈ ಕಾಯಿಲ್‌ಗಳು ಸಾಮಾನ್ಯವಾಗಿ ಕೆಡುವುದಿಲ್ಲ, ಅಳೆದು ಹಾಗೇ ಬಿಟ್ಟದ್ದು. ಬೈಪೋಲಾರ್ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು ಮಾತ್ರ ದಾರಿ ತಪ್ಪಿದ್ದವು: 6 ಎಂದು ಬರೆದವು 7.4 ಮತ್ತು 6.9, ಒಳ ಪ್ರತಿರೋಧ 1.9 ಓಮ್‌ವರೆಗೆ.

ಪಾಲಿಪ್ರೊಪಿಲೀನ್‌ನಲ್ಲಿ (ಪ್ಲಾಸ್ಟಿಕ್ ಫಿಲ್ಮ್ ಕೆಪಾಸಿಟರ್) 6 ಸುಲಭವಾಗಿ ಸಿಗುವುದಿಲ್ಲ. 3.3 ಮತ್ತು 2.7 ಸಮಾನಾಂತರದಲ್ಲಿ ಹಾಕಿದರೆ ಸರಿಯಾಗಿ 6. ಒಂದಕ್ಕೆ 120ರಂತೆ ನಾಲ್ಕು, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ. ತುರ್ತಿಗೆ ಸೀಲಿಂಗ್ ಫ್ಯಾನಿನ 2.5 ಮತ್ತು 3.15 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗಳೂ ನಡೆಯುತ್ತವೆ. ಅವೂ ಪಾಲಿಪ್ರೊಪಿಲೀನೇ, ಯಾವ ಊರಿನ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತವೆ, ಆದರೆ ಅಳೆದೇ ಹಾಕಿ.

ತಪ್ಪು: ಹೊಸ ಕೆಪಾಸಿಟರ್ ಹಾಕಿ ಅಲ್ಲಿಗೇ ನಿಲ್ಲಿಸಿದ್ದು. ಹಾಡಿನಲ್ಲಿ ‘ಸ’ ‘ಷ’ ಅಕ್ಷರಗಳು ಕಿವಿಗೆ ಚುಚ್ಚತೊಡಗಿದವು. ಹೊಸದಾಗಿದ್ದಾಗಲೇ ಆ ಎಲೆಕ್ಟ್ರೋಲಿಟಿಕ್‌ಗೆ ಒಂದಿಷ್ಟು ಒಳ ಪ್ರತಿರೋಧ ಇತ್ತು. ವಿನ್ಯಾಸ ಮಾಡಿದವರು ಟ್ವೀಟರ್ ಮಟ್ಟವನ್ನು ಅದನ್ನೂ ಸೇರಿಸಿಯೇ ಇಟ್ಟಿದ್ದರು. ಫಿಲ್ಮ್ ಕೆಪಾಸಿಟರ್‌ನಲ್ಲಿ ಅದು ಸೊನ್ನೆಗೆ ಹತ್ತಿರ. ಅದರ ಜೊತೆ ಸರಣಿಯಲ್ಲಿ 1 ಓಮ್, 5 ವಾಟ್ ರೆಸಿಸ್ಟರ್ ಹಾಕಿದ ಮೇಲೆ ಚುಚ್ಚುವುದು ನಿಂತಿತು. ಹೊಸ ಕೆಪಾಸಿಟರ್‌ನಿಂದ ‘ಮುಸುಕು ಸರಿಯಿತು’ ಎಂದು ಹೇಳುವ ಎಷ್ಟೋ ಸಲ ಆಗಿರುವುದು ಇಷ್ಟೇ: ಟ್ವೀಟರ್ ಒಂದು ಡೆಸಿಬೆಲ್ ಜಾಸ್ತಿ ಕೂಗುತ್ತಿರುತ್ತದೆ.

ಫೆಬ್ರುವರಿ 9: ಗಾಳಿ ಸೋರಿಕೆ

ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಈ ದಿನ. ಮುಚ್ಚಿದ ಪೆಟ್ಟಿಗೆಯಲ್ಲಿ ಸಡಿಲ ಅಂಚಿನ ವೂಫರ್ ಇಟ್ಟು, ಒಳಗಿನ ಗಾಳಿಯನ್ನೇ ಸ್ಪ್ರಿಂಗ್ ಮಾಡುವ ಪದ್ಧತಿಯನ್ನು ಎಡ್ಗರ್ ವಿಲ್ಚರ್ 1954ರ ಎಆರ್-1ರಲ್ಲಿ ತಂದರು. ಈ ಜೋಡಿಯೂ ಅದೇ ವಂಶ. ಸ್ಪ್ರಿಂಗ್ ತೂತಾದರೆ ಬಾಸ್ ಇಲ್ಲ.

100 ಓಮ್ ರೆಸಿಸ್ಟರ್, ಲ್ಯಾಪ್‌ಟಾಪ್‌ನ ಸೌಂಡ್ ಕಾರ್ಡ್ ಮತ್ತು ಉಚಿತವಾಗಿ ಸಿಗುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರ್‌ನಿಂದ ಇಂಪೀಡೆನ್ಸ್ (ಆವರ್ತನಕ್ಕೆ ತಕ್ಕಂತೆ ಬದಲಾಗುವ ಪ್ರತಿರೋಧ) ಅಳೆದದ್ದು. ಪೆಟ್ಟಿಗೆಯ ಹೊರಗೆ ವೂಫರ್ ಅನುರಣನ 38 ಹರ್ಟ್ಜ್. ಒಳಗೆ ಹಾಕಿದ ಮೇಲೆ ಒಂದೇ ಒಂದು ಚೂಪು ಶಿಖರ ಬರಬೇಕಿತ್ತು. ಬಂದದ್ದು 14 ಓಮ್‌ನ ಮೊಂಡು ದಿಬ್ಬ, ಕೆಳಗೆ 20 ಹರ್ಟ್ಜ್ ಹತ್ತಿರ ಇನ್ನೊಂದು ಪುಟ್ಟ ಉಬ್ಬು. ಕೋನ್ ಮೆಲ್ಲಗೆ ಒತ್ತಿ ಕ್ಷಣ ಹಿಡಿದು ಬಿಟ್ಟರೆ ಟಕ್ಕನೆ ಮೇಲೆ ಬರುತ್ತಿತ್ತು. ಗಾಳಿ ಬಿಗಿಯಾಗಿದ್ದರೆ ಅದು ನಿಧಾನವಾಗಿ ಏಳಬೇಕು.

ಸೋರುವ ಜಾಗ ಹುಡುಕಲು ಊದುಬತ್ತಿ. 20 ಹರ್ಟ್ಜ್ ಕೊಟ್ಟು, ಫ್ಯಾನ್ ಆರಿಸಿ, ಊದುಬತ್ತಿಯನ್ನು ಸಂದಿಗಳ ಉದ್ದಕ್ಕೂ ನಿಧಾನವಾಗಿ ಸರಿಸಿದ್ದು. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಹಿಂಬದಿ ಟರ್ಮಿನಲ್ ತಟ್ಟೆಯ ಕೆಳಮೂಲೆಗೆ ಬಂದಾಗ ಹಾವಿನ ನಾಲಿಗೆಯಂತೆ ಒಳಗೂ ಹೊರಗೂ ತುಯ್ಯತೊಡಗಿತು. ಟ್ವೀಟರ್ ಸುತ್ತ ಇನ್ನೊಂದು. ಮೂರನೆಯದು ಡಸ್ಟ್ ಕ್ಯಾಪ್: ಹೊಸದಾಗಿ ತಂದದ್ದು ಗಾಳಿಯಾಡುವ ಬಟ್ಟೆಯದು. ಪೋರ್ಟ್ ಇರುವ ಪೆಟ್ಟಿಗೆಗೂ ಇದು ಒಳ್ಳೆಯದಲ್ಲ, ಮುಚ್ಚಿದ ಪೆಟ್ಟಿಗೆಗಂತೂ ಬೇಡವೇ ಬೇಡ. ನೀರು ಬೆರೆಸಿದ ಬಿಳಿ ಅಂಟಿನ ಎರಡು ಕೈ ಬಳಿದು ಮುಚ್ಚಿದ್ದಾಯಿತು. ಉಳಿದೆಡೆ 3 ಮಿ.ಮೀ. ಫೋಮ್ ಪಟ್ಟಿ, ಹೊಸ ಟರ್ಮಿನಲ್. ಚಿಪ್‌ಬೋರ್ಡ್‌ನಲ್ಲಿ ಸವೆದ ಸ್ಕ್ರೂ ತೂತಿಗೆ ತೆಂಗಿನ ಪೊರಕೆ ಕಡ್ಡಿಯನ್ನು ಅಂಟು ಹಚ್ಚಿ ತುರುಕಿ ಕತ್ತರಿಸಿದರೆ ಮತ್ತೆ ಹಿಡಿಯುತ್ತದೆ.

ಒಳಗಿನ ಗ್ಲಾಸ್ ವೂಲ್ ಪುಡಿಯಾಗಿತ್ತು. ಮಾಸ್ಕ್, ಕೈಗವಸು ಇಲ್ಲದೆ ಮುಟ್ಟಬೇಡಿ. ಬದಲಿಗೆ ಮೊದಲು ತುಂಬಿದ್ದು ದಿಂಬಿನ ಬೂರುಗದ ಹತ್ತಿ, ಅದು ಎರಡೇ ದಿನಕ್ಕೆ ಕೆಳಗೆ ಕುಸಿದು ಕೂತಿತು. ಕೊನೆಗೆ ಪಾಲಿಯೆಸ್ಟರ್ ನಾರು, ಪೆಟ್ಟಿಗೆಗೆ 300 ಗ್ರಾಂ, ಬಿಡಿಸಿ ಬಿಡಿಸಿ ತುಂಬಿದ್ದು.

ಈಗ ಅಳತೆ: 64 ಹರ್ಟ್ಜ್‌ನಲ್ಲಿ ಒಂದೇ ಶಿಖರ, 31 ಓಮ್. ಪೆಟ್ಟಿಗೆಯೊಳಗಿನ ಕ್ಯೂ (ಅನುರಣನ ಎಷ್ಟು ಚೂಪು ಎನ್ನುವ ಸಂಖ್ಯೆ) ಸುಮಾರು 0.75. ಬಾಸ್ 3 ಡೆಸಿಬೆಲ್ ಇಳಿಯುವ ಬಿಂದು 60 ಹರ್ಟ್ಜ್. ಮೂವತ್ತು ದಿನದ ಹಿಂದೆ ‘ಬಾಸಿಲ್ಲ’ ಎಂದು ಬದಿಗಿಡಬಹುದಾಗಿದ್ದ ಪೆಟ್ಟಿಗೆ ಇದೇ.

ಫೆಬ್ರುವರಿ 15: ತಾರಸಿಯ ಮೇಲೆ ಅಳತೆ

ಸ್ಪೀಕರ್ 1.2 ಮೀಟರ್ ಎತ್ತರದ ಸ್ಟೂಲ್ ಮೇಲೆ, ಮೈಕ್ ಒಂದು ಮೀಟರ್ ದೂರ, ಅದೇ ಎತ್ತರ. ನೆಲದಿಂದ ತಿರುಗಿ ಬರುವ ಸದ್ದು 1.6 ಮೀಟರ್ ಹೆಚ್ಚು ನಡೆಯುವುದರಿಂದ 4.6 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಅಷ್ಟರೊಳಗೆ ಬಂದ ಸದ್ದನ್ನಷ್ಟೇ ಕತ್ತರಿಸಿಟ್ಟುಕೊಂಡರೆ 215 ಹರ್ಟ್ಜ್‌ನಿಂದ ಮೇಲಿನದ್ದು ನಂಬಬಹುದು. ಅದಕ್ಕಿಂತ ಕೆಳಗಿನದಕ್ಕೆ ಮೈಕ್ ಅನ್ನು ಕೋನ್‌ಗೆ 5 ಮಿ.ಮೀ. ಹತ್ತಿರ ಹಿಡಿದು ಬೇರೆಯಾಗಿ ಅಳೆಯಬೇಕು. ಸಮಯ ಬೆಳಗಿನ ಐದು: ಗಾಳಿ ಇರುವುದಿಲ್ಲ, ಗುಡಿಯ ಮೈಕ್ ಇನ್ನೂ ಶುರುವಾಗಿರುವುದಿಲ್ಲ. ಹೆದ್ದಾರಿ 75ರ ಲಾರಿಗಳ ಗುಡುಗು ಮಾತ್ರ ತಪ್ಪದು, ಅದಕ್ಕೆ ಸ್ವೀಪ್ (ಕೆಳಗಿನಿಂದ ಮೇಲಿನ ಆವರ್ತನಕ್ಕೆ ಏರುವ ಪರೀಕ್ಷಾ ಸದ್ದು) ನಾಲ್ಕು ಸಲ ಮಾಡಿ ಸರಾಸರಿ ತೆಗೆಯುವುದೇ ದಾರಿ.

2.9 ಕಿಲೋಹರ್ಟ್ಜ್‌ನಲ್ಲಿ 15 ಡೆಸಿಬೆಲ್ ಆಳದ ಹಳ್ಳ, ಎರಡೂ ಪೆಟ್ಟಿಗೆಯಲ್ಲಿ. ಕಾಯಿಲ್ ಮೌಲ್ಯ ತಪ್ಪೇ, ಟ್ವೀಟರ್ ಸತ್ತಿದೆಯೇ ಎಂದು ಅರ್ಧ ದಿನ ಹೋಯಿತು. ಕೊನೆಗೆ ಟ್ವೀಟರ್‌ನ ಎರಡು ತಂತಿ ಅದಲು ಬದಲು ಮಾಡಿದ್ದೇ ತಡ, ಹಳ್ಳ ಮುಚ್ಚಿತು. ಹೀಗೆ ಕಾಯಿಲ್, ಕೆಪಾಸಿಟರ್ ಎರಡೂ ಇರುವ ಎರಡನೇ ದರ್ಜೆಯ ಫಿಲ್ಟರ್‌ಗಳಲ್ಲಿ ಟ್ವೀಟರ್ ಅನ್ನು ಬೇಕೆಂದೇ ಉಲ್ಟಾ ಜೋಡಿಸುವುದು ವಾಡಿಕೆ. ಮೂಲದಲ್ಲೂ ಹಾಗೇ ಇತ್ತು. ಒಂದು ಫೋಟೊ ಇದ್ದಿದ್ದರೆ ಇಷ್ಟು ಅಲೆದಾಟ ಬೇಕಿರಲಿಲ್ಲ. ಒಂದು ಲಾಭವಾಯಿತು: ತಪ್ಪಾಗಿ ಜೋಡಿಸಿದಾಗ ಹಳ್ಳ ಇಷ್ಟು ಆಳ ಬಿದ್ದರೆ, ಸರಿ ಮಾಡಿದಾಗ ಎರಡು ಡ್ರೈವರ್‌ಗಳ ಮಟ್ಟವೂ ಕಾಲವೂ ಹೊಂದಿವೆ ಎಂದರ್ಥ.

ಬಾಕ್ಸಿನ ಮುಂದೆ 15 ಮಿ.ಮೀ. ಚಾಚಿದ ಮರದ ಅಂಚಿದೆ, ಜಾಲರಿ ಕೂರಲು. ಅದರಿಂದ ಸದ್ದು ಚೆದುರಿ ಟ್ವೀಟರ್ ವ್ಯಾಪ್ತಿಯಲ್ಲಿ 3 ಡೆಸಿಬೆಲ್ ಏರಿಳಿತ. ಒಳ ಅಂಚಿಗೆ 5 ಮಿ.ಮೀ. ಫೆಲ್ಟ್ ಅಂಟಿಸಿದಾಗ 2ಕ್ಕೆ ಇಳಿಯಿತು. ಮನೆಯಲ್ಲಿದ್ದ ಫೆಲ್ಟ್, ಖರ್ಚಿಲ್ಲ.

ಫೆಬ್ರುವರಿ 22–23: ಹೊಸದರ ಪಕ್ಕ

ಹೊಸ ಜೋಡಿ ಆರೂವರೆ ಇಂಚಿನ, ರಬ್ಬರ್ ಅಂಚಿನ, ಪೋರ್ಟ್ ಇರುವ 14 ಲೀಟರ್ ಪೆಟ್ಟಿಗೆ. ಟ್ವೀಟರ್ ಸುತ್ತ ಆಳವಿಲ್ಲದ ಬಟ್ಟಲಿನಂಥ ವೇವ್‌ಗೈಡ್. ಬೆಲೆ 28,000.

2.83 ವೋಲ್ಟ್‌ಗೆ ಒಂದು ಮೀಟರ್‌ನಲ್ಲಿ ಹಳೆಯದು 87 ಡೆಸಿಬೆಲ್, ಹೊಸದು 84.5. ಒಂದೇ ವಾಲ್ಯೂಮ್‌ನಲ್ಲಿ ಬದಲಿಸಿ ಕೇಳಿದರೆ ಹಳೆಯದು ಪ್ರತಿ ಸಲವೂ ಗೆಲ್ಲುತ್ತದೆ. ಜೋರಿದ್ದದ್ದು ‘ಜೀವಂತ’ ಎನಿಸುತ್ತದೆ, ಕಿವಿಯ ಸ್ವಭಾವವೇ ಹಾಗೆ. ಹೋಲಿಕೆಗೆ ಮೋನೊ ಸಿಗ್ನಲ್, ಎಡ ಚಾನೆಲ್‌ಗೆ ಹಳೆಯದು, ಬಲಕ್ಕೆ ಹೊಸದು, ಎರಡೂ ಅಕ್ಕಪಕ್ಕ. 500ರಿಂದ 2,000 ಹರ್ಟ್ಜ್‌ನ ಪಿಂಕ್ ನಾಯ್ಸ್ (ಮಳೆಯಂಥ ಪರೀಕ್ಷಾ ಸದ್ದು) ಹಾಕಿ, ಕೂರುವ ಜಾಗದ ಮೈಕ್‌ನಲ್ಲಿ ವ್ಯತ್ಯಾಸ 0.2 ಡೆಸಿಬೆಲ್‌ಗಿಂತ ಕಡಿಮೆಯಾಗುವವರೆಗೆ ಬ್ಯಾಲೆನ್ಸ್ ತಿರುಗಿಸಿದ್ದು. ಹೊಸದಕ್ಕೆ ಹೋಗುವ ವೋಲ್ಟೇಜ್ 1.33 ಪಟ್ಟು. ಅರ್ಧ ದಿನದ ನಂತರ ಪೆಟ್ಟಿಗೆಗಳ ಜಾಗ ಅದಲು ಬದಲು ಮಾಡಿ ಮತ್ತೆ ಕೇಳಿದ್ದು. ಜಾಗ ಬದಲಿಸದಿದ್ದರೆ ಕೇಳುವುದು ಸ್ಪೀಕರ್ ಅಲ್ಲ, ಗೋಡೆ.

ಸಮ ಮಾಡಿದ ಮೇಲೆ ಉಳಿದ ವ್ಯತ್ಯಾಸಗಳು ನಿಜವಾದವು. ಹೊಸದು 47 ಹರ್ಟ್ಜ್‌ವರೆಗೆ ನೇರ ಹೋಗುತ್ತದೆ, ಅದರ ಕೆಳಗೆ ಆಕ್ಟೇವ್‌ಗೆ (ಆವರ್ತನ ಅರ್ಧವಾದಂತೆಲ್ಲ) 24 ಡೆಸಿಬೆಲ್‌ನಂತೆ ಧುಮುಕುತ್ತದೆ. ಹಳೆಯದು ಬೇಗ ಇಳಿಯಲು ಶುರು ಮಾಡುತ್ತದೆ, ಆದರೆ 12 ಡೆಸಿಬೆಲ್‌ನಂತೆ. 30 ಹರ್ಟ್ಜ್‌ನಲ್ಲಿ ಹಳೆಯದು ಮೈನಸ್ 13, ಹೊಸದು ಮೈನಸ್ 17. ಕೇಳಿದ ಕೋಣೆ 12 × 10 ಅಡಿ, ಇಟ್ಟಿಗೆ ಗೋಡೆ, ಕೆಂಪು ಗಾರೆ ನೆಲ. ಕೋಣೆಯ ಮೊದಲ ಎರಡು ಅನುರಣನ 47 ಮತ್ತು 56 ಹರ್ಟ್ಜ್. ಹೊಸದರ ಪೋರ್ಟ್ ಕೆಲಸ ಮಾಡುವುದೂ ಅಲ್ಲೇ. ಹಾಗಾಗಿ ಮೃದಂಗದ ಎಡಗಡೆಯ ತೊಪ್ಪಿ ಹೊಸದರಲ್ಲಿ ದೊಡ್ಡದಾಗಿಯೂ ಎಳೆದಂತೆಯೂ ಕೇಳಿತು, ಹಳೆಯದರಲ್ಲಿ ಚಿಕ್ಕದಾಗಿ, ಬಿದ್ದಲ್ಲೇ ನಿಂತಿತು. ಹೊಸದರ ಪೋರ್ಟ್‌ಗೆ ಕಾಲುಚೀಲ ತುರುಕಿದಾಗ ಈ ವ್ಯತ್ಯಾಸ ಮುಕ್ಕಾಲು ಪಾಲು ಮಾಯವಾಯಿತು. ಅಂದರೆ ಹಳೇ ಬಾಸ್‌ನ ‘ಬಿಗಿ’ ಕಾಲದ ಗುಣವಲ್ಲ, ಮುಚ್ಚಿದ ಪೆಟ್ಟಿಗೆಯ ಗುಣ.

ಎರಡನೆಯದು ಬದಿಯ ಸದ್ದು. 45 ಡಿಗ್ರಿ ಪಕ್ಕದಲ್ಲಿ 2.5 ಕಿಲೋಹರ್ಟ್ಜ್‌ಗೆ ಹಳೆಯದು 9 ಡೆಸಿಬೆಲ್ ಇಳಿದಿತ್ತು, ಹೊಸದು 4. ಎಂಟಿಂಚಿನ ಕೋನ್ 2 ಕಿಲೋಹರ್ಟ್ಜ್ ದಾಟಿದ ಮೇಲೆ ಟಾರ್ಚಿನಂತೆ ನೇರಕ್ಕೆ ಮಾತ್ರ ಬಿಡುತ್ತದೆ. ನಡುವೆ ಕೂತರೆ ನಾಗಸ್ವರ ಎರಡರಲ್ಲೂ ಹತ್ತಿರ ಹತ್ತಿರ ಒಂದೇ. ಎದ್ದು ಬಾಗಿಲ ಕಡೆ ನಡೆದರೆ ಹಳೆಯದರಲ್ಲಿ ಅದರ ಮೊನಚು ಹೋಗಿ ಮೂಗಿನ ದನಿಯಂತಾಯಿತು. ಇಡೀ ಮನೆ ಕೇಳುವ ಕಡೆ ಹೊಸದು ಮೇಲು, ಇದರಲ್ಲಿ ಅನುಮಾನವಿಲ್ಲ.

ಜೋರು ಸದ್ದಿನಲ್ಲಿ ದೊಡ್ಡ ಕೋನ್ ಗೆಲ್ಲುತ್ತದೆ ಎಂಬ ನಂಬಿಕೆ ಇಲ್ಲಿ ನಿಲ್ಲಲಿಲ್ಲ. ಹಳೇ ಕೋನ್ 214 ಚದರ ಸೆಂ.ಮೀ., ಒಂದು ಬದಿಗೆ 3 ಮಿ.ಮೀ. ಚಲಿಸುತ್ತದೆ: 64 ಘನ ಸೆಂ.ಮೀ. ಗಾಳಿ. ಹೊಸದು 130 ಚದರ ಸೆಂ.ಮೀ., 6 ಮಿ.ಮೀ.: 78. ತವಿಲ್‌ನ ಏಟಿಗೆ ಮೊದಲು ಒಡೆದದ್ದು ಹಳೆಯದೇ.

ಹೊಸದರ ಇಂಪೀಡೆನ್ಸ್ 180 ಹರ್ಟ್ಜ್‌ನಲ್ಲಿ 3.6 ಓಮ್‌ಗೆ ಇಳಿಯುತ್ತದೆ. 8 ಓಮ್‌ಗೆಂದೇ ಮಾಡಿದ ಹಳೇ ಆಂಪ್ಲಿಫೈಯರ್‌ಗೆ ಹೊಸ ಸ್ಪೀಕರ್ ಕೊಡುವ ಮುನ್ನ ಇದನ್ನು ನೋಡಿ, ಹೀಟ್‌ಸಿಂಕ್ ಕೈ ಇಡಲಾಗದಷ್ಟು ಕಾಯುತ್ತದೆ.

60ರ ದಶಕದ ಪೋರ್ಟ್ ಪೆಟ್ಟಿಗೆ ಸಿಕ್ಕರೆ ಇಷ್ಟು ಸುಲಭವಲ್ಲ. ನೆವಿಲ್ ಥೀಲ್ ಲೆಕ್ಕಾಚಾರ ಬಂದದ್ದು 1961ರಲ್ಲಿ, ರಿಚರ್ಡ್ ಸ್ಮಾಲ್ ಅದನ್ನು ಬೆಳೆಸಿದ್ದು 70ರ ದಶಕದ ಆರಂಭದಲ್ಲಿ. ಅದಕ್ಕೂ ಹಿಂದಿನ ಪೋರ್ಟ್‌ಗಳು ಬಹುಪಾಲು ಕಿವಿಯ ಅಂದಾಜಿನವು. ಮೊದಲ ರಿಪೇರಿಗೆ ಮುಚ್ಚಿದ ಪೆಟ್ಟಿಗೆಯನ್ನೇ ಆರಿಸಿ.

ಖರ್ಚು

ಜೋಡಿ 6,500, ವ್ಯರ್ಥವಾದ ಫೋಮ್ 650, ಸರಿಯಾದ ಫೋಮ್ 900, ಅಂಟು 120, ಆಲ್ಕೋಹಾಲ್ 280, ಫಿಲ್ಮ್ ಕೆಪಾಸಿಟರ್ 480, ವೂಫರ್ ದಾರಿಯ ಹೊಸ ಬೈಪೋಲಾರ್ ಎರಡು 120, ರೆಸಿಸ್ಟರ್ 50, ಫೋಮ್ ಪಟ್ಟಿ 150, ಟರ್ಮಿನಲ್ 320, ವೈರ್ 240, ಡಸ್ಟ್ ಕ್ಯಾಪ್ 180, ಪಾಲಿಯೆಸ್ಟರ್ ನಾರು 110. ಒಟ್ಟು 10,100 ರೂಪಾಯಿ. ಮೈಕ್, ಕಾಯಿಲ್ ಮತ್ತು ಕೆಪಾಸಿಟರ್ ಅಳೆಯುವ ಎಲ್‌ಸಿಆರ್ ಮೀಟರ್ ಮೊದಲೇ ಇದ್ದವು.

ಮಾರ್ಚ್ 2: ಇನ್ನೂ ಆಗದದ್ದು

ತಂತಿ ಬೆಸೆದ ಬಲ ಟ್ವೀಟರ್ 9 ಕಿಲೋಹರ್ಟ್ಜ್ ಮೇಲೆ ಎಡದ್ದಕ್ಕಿಂತ 1.8 ಡೆಸಿಬೆಲ್ ಕಡಿಮೆ. ರೆಸಿಸ್ಟರ್ ಬದಲಿಸಿದರೆ ಇಡೀ ಟ್ವೀಟರ್ ಏರುತ್ತದೆ, ಮೇಲ್ತುದಿ ಮಾತ್ರ ಅಲ್ಲ. ಹಾಗಾಗಿ ಅದು ಪರಿಹಾರವಲ್ಲ. ಡೋಮ್ ಬಟ್ಟೆಯ ಮೇಲಿನ ಅಂಟುಲೇಪಕ್ಕೆ ದೂಳು ಕೂತು ತೂಕ ಹೆಚ್ಚಿರಬಹುದೆಂದು ಮೆತ್ತನೆಯ ಬ್ರಷ್‌ನಿಂದ ಒಣದಾಗಿಯೇ ಒರೆಸಿದಾಗ 0.4 ಡೆಸಿಬೆಲ್ ವಾಪಸ್ ಬಂತು. ಆಲ್ಕೋಹಾಲ್ ಹಚ್ಚಿದರೆ ಲೇಪವೇ ಕರಗುತ್ತದೆ, ಆ ಪ್ರಯೋಗ ಮಾಡುವುದಿಲ್ಲ. ಅದೇ ಅಳತೆಯ ಇನ್ನೊಂದು ಟ್ವೀಟರ್ ಸಿಗುವವರೆಗೆ ಬಲ ಪೆಟ್ಟಿಗೆಯನ್ನು ಕೇಳುವವರ ಕಡೆಗೆ ಹತ್ತು ಡಿಗ್ರಿ ಹೆಚ್ಚು ತಿರುಗಿಸಿ ಇಟ್ಟಿದೆ.